ಖಾಲಾ ಅಳೆದ ಬಿಳಿ ಬ್ಲೌಸ್

ಜನವರಿ 4, 2025. ಶನಿವಾರ

ಬೆಳಿಗ್ಗೆ ಆರಕ್ಕೇ ಲ್ಯಾಬ್. ಮೂವತ್ತೆಂಟು ರಕ್ತದ ಸ್ಯಾಂಪಲ್. ಎರಡು ಮಕ್ಕಳು ಚೀರಿದವು. ಆರಡಿ ಎತ್ತರದ ಗಂಡಸೊಬ್ಬ ಸೂಜಿ ನೋಡಿಯೇ ತಲೆ ಸುತ್ತಿ ಕುಸಿದ. ಮಧ್ಯಾಹ್ನ ಬಿಡುವಾಯಿತು. ಹೇಗೂ ಇಂದಿರಾನಗರದಲ್ಲೇ ಇದ್ದೇನಲ್ಲ, ಹಂಡ್ರೆಡ್ ಫೀಟ್ ರೋಡಿನ ದೊಡ್ಡ ಅಂಗಡಿಯೊಂದಕ್ಕೆ ಹೋಗಿಯೇ ಬಿಡೋಣ ಎನ್ನಿಸಿತು. ಹೋಗಬಾರದಿತ್ತು.

ರೆಡಿಮೇಡ್ ಬಿಳಿ ಬ್ಲೌಸ್ ಬೇಕು, ಮದುವೆಗೆ ಎಂದೆ. ಆ ಹುಡುಗಿ ಮೇಲಿಂದ ಕೆಳಗೆ ನೋಡಿದಳು. "ವೈಟ್ ಬೇಡ ಮ್ಯಾಮ್. ಡಾರ್ಕ್ ಕಲರ್ ತಗೊಳ್ಳಿ, ಸ್ಲಿಮ್ಮಾಗಿ ಕಾಣ್ತೀರ." ನಾವು ಬೌದ್ಧರಮ್ಮ, ಮದುವೆಯಲ್ಲಿ ಬಿಳಿಯೇ ಉಡುವುದು ಎಂದೆ. "ಓ... ಮದ್ವೆ ಯಾರ್ದು ಮ್ಯಾಮ್, ಮಗಳ್ದಾ?"

ನನ್ನದೇ. ನಲವತ್ತೊಂದನೇ ವಯಸ್ಸಿನಲ್ಲಿ, ಮೊದಲನೆಯದು. ಹೇಳಲಿಲ್ಲ. ಅವಳು ಕೊಟ್ಟ ಕೊನೆಯ ಸೈಜನ್ನು ತೆಗೆದುಕೊಂಡು ಟ್ರಯಲ್ ರೂಮಿಗೆ ಹೋದೆ. ತೋಳು ಹೇಗೋ ಒಳಗೆ ಹೋಯಿತು, ಹೊರಗೆ ಬರಲೊಲ್ಲದು. ಹತ್ತು ನಿಮಿಷ ಒದ್ದಾಡಿ ಕೊನೆಗೆ ಅವಳನ್ನೇ ಒಳಗೆ ಕರೆದೆ. ಅವಳು ಎಳೆದಳು, ನಾನು ಕಣ್ಣು ಮುಚ್ಚಿಕೊಂಡೆ.

ಹೊರಗೆ ಬಂದು ಕಬ್ಬಿನ ಹಾಲು ಕುಡಿದೆ. ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಮದುವೆಗೆ ಇನ್ನು ಮೂವತ್ತಾರು ದಿನ.

ಜನವರಿ 5, ಭಾನುವಾರ

ಅತ್ತಿಗೆಯ ಜೊತೆ ಬೀರು ಖಾಲಿ ಮಾಡಿದೆ. ಇಪ್ಪತ್ತಮೂರು ಬ್ಲೌಸ್. ಒಂದಾದರೂ ನೆಟ್ಟಗಿದೆಯೇ? ಕಂಕುಳಲ್ಲಿ ಕಚ್ಚುತ್ತವೆ, ಭುಜದಲ್ಲಿ ಜಾರುತ್ತವೆ, ಮುಂದೆ ಹುಕ್ಕುಗಳ ನಡುವೆ ಬಾಯಿ ಬಿಡುತ್ತವೆ. ಅದಕ್ಕೇ ಎಲ್ಲದಕ್ಕೂ ಪಿನ್ನು.

ಹಲಸೂರಿನಲ್ಲಿ ಮೂವರು ಟೈಲರ್ ಬದಲಾಯಿಸಿದ್ದಾಯಿತು. ತಪ್ಪು ಅವರದಲ್ಲ, ನನ್ನ ಮೈಯದ್ದು. "ನಿನ್ ಮೈ ಒಂಥರಾ ಕಷ್ಟದ ಮೈ ಬಿಡು ಶಾಂತಾ," ಎಂದರು ಅತ್ತಿಗೆ. ಕೆಟ್ಟ ಮನಸ್ಸಿನಿಂದಲ್ಲ. ಅಮ್ಮ ಹೋದ ಮೇಲೆ ಈ ಮನೆಯಲ್ಲಿ ನನಗೆ ಬಿಸಿ ಅನ್ನ ಬಡಿಸಿದವರು ಅವರೇ.

ನಾನು ಮದುವೆಯಾಗಲಿರುವ ಸಂಜೀವಪ್ಪನವರು ನನ್ನನ್ನು ನೋಡಿರುವುದು ಲ್ಯಾಬಿನ ಕೋಟಿನಲ್ಲಿ ಮಾತ್ರ. ಎರಡು ವರ್ಷದಿಂದ ಪ್ರತಿ ತಿಂಗಳೂ ತಮ್ಮ ತಂದೆಯನ್ನು ಶುಗರ್ ಟೆಸ್ಟಿಗೆ ಕೆ.ಆರ್. ಪುರದಿಂದ ಕರೆದುಕೊಂಡು ಬರುತ್ತಾರೆ. ರೈಲ್ವೆಯಲ್ಲಿ ಕೆಲಸ. ಹೆಂಡತಿ ತೀರಿಕೊಂಡು ಎಂಟು ವರ್ಷ. ಆ ಕೋಟು ನನಗೆ ಎರಡು ಸೈಜ್ ದೊಡ್ಡದು, ಬೇಕೆಂದೇ ತೆಗೆದುಕೊಂಡಿದ್ದು. ಮದುವೆಯ ದಿನ ಬುದ್ಧ ವಿಹಾರದಲ್ಲಿ ಎಲ್ಲರ ಎದುರು ಕೋಟು ಹಾಕಿಕೊಂಡು ನಿಲ್ಲಲಾಗುತ್ತದೆಯೇ?

ಒಂದು ಆಸೆ. ಬರೆದೇ ಬಿಡುತ್ತೇನೆ, ಇದನ್ನು ಓದುವವರು ಯಾರಿದ್ದಾರೆ. ಆ ಒಂದು ದಿನ ಸೆರಗು ಎಳೆದೆಳೆದು ಹೊದೆಯದೆ, ಯಾರ ಬೆನ್ನ ಹಿಂದೆಯೂ ಅಡಗದೆ, ನೆಟ್ಟಗೆ ನಿಲ್ಲಬೇಕು. ಅಷ್ಟೇ.

ಜನವರಿ 11, ಶನಿವಾರ

ಲ್ಯಾಬಿನ ಭಾಗ್ಯಲಕ್ಷ್ಮಿ ಹೇಳಿದ ವಿಳಾಸ. ಶಿವಾಜಿನಗರ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ರಸೆಲ್ ಮಾರುಕಟ್ಟೆ ದಾಟಿ, ಹಿಂದಿನ ಗಲ್ಲಿಯಲ್ಲಿ ವಕಾರ್ ಭಾಯ್ ಅಂಗಡಿ. ಎರಡು ಮಷೀನು, ಒಂದು ಬೆಂಚು, ಮೂಲೆಯಲ್ಲಿ ಹಸಿರು ಪರದೆ.

ಎಂದಿನಂತೆ ಅಳತೆ ಬ್ಲೌಸ್ ಕೊಟ್ಟು ಎಂದಿನ ಮಾತನ್ನೇ ಹೇಳಿದೆ: ಇದಕ್ಕಿಂತ ಸುತ್ತಲೂ ಎರಡಿಂಚು ಲೂಸ್. ಹದಿನಾಲ್ಕು ವರ್ಷದಿಂದ ಇದೇ ಬ್ಲೌಸ್, ಇದೇ ಮಾತು. ಲೂಸ್ ಮಾತ್ರ ಅರ್ಧ ಇಂಚಿನಿಂದ ಬೆಳೆದು ಬಂದಿದೆ. ವಕಾರ್ ಭಾಯ್ ಅದನ್ನು ಪರದೆಯ ಒಳಗೆ ದಾಟಿಸಿದರು. ಒಳಗಿದ್ದವರು ಅವರ ತಾಯಿ. ಎಪ್ಪತ್ತು ದಾಟಿದೆ. ಎಲ್ಲರೂ ಖಾಲಾ ಎನ್ನುತ್ತಾರೆ, ನಮ್ಮಲ್ಲಿ ಚಿಕ್ಕಮ್ಮ ಎಂದ ಹಾಗೆ. ಈಗ ಹೊಲಿಯುವುದಿಲ್ಲ, ಹೆಂಗಸರ ಅಳತೆ ಮಾತ್ರ ಅವರದು.

ಬ್ಲೌಸನ್ನು ಒಳಮಗ್ಗುಲು ತಿರುಗಿಸಿ ನೋಡಿದರು. "ಈ ಹುಡುಗಿ ಯಾರು ಬೇಟಿ?"

"ನಾನೇ ಖಾಲಾ. ಇಪ್ಪತ್ತೇಳು ವರ್ಷ ಇದ್ದಾಗ, ಯಾರೋ ನೋಡಕ್ ಬರ್ತಾರೆ ಅಂತ ಹೊಲ್ಸಿದ್ದು."

"ಬಂದ್ರಾ?"

"ಬಂದ್ರು. ನೋಡ್ಕೊಂಡು ಹೋದ್ರು."

"ಹ್ಞೂಂ. ಈಗ ಮದ್ವೆ ಇವಳ್ದಾ, ನಿಂದಾ?"

ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು. "ಇವಳಿಗೆ ನಾನು ಹೊಲಿಸಲ್ಲಮ್ಮ. ಇವಳು ಇಲ್ಲಿ ಬಂದಿಲ್ಲ. ನೀನು ಬಂದಿದೀಯ, ನಿಂಗೆ ಹೊಲಿಸ್ತೀನಿ." ಬ್ಲೌಸ್ ಮಡಿಚಿ ನನ್ನ ಬ್ಯಾಗಿಗೇ ತುರುಕಿದರು. ಆಮೇಲೆ ಬೈದದ್ದು ಬೈದದ್ದೇ. ಚಿಕ್ಕ ಬ್ಲೌಸನ್ನು ಸುತ್ತಲೂ ಒಂದೇ ಸಮನೆ ಹಿಗ್ಗಿಸಿದರೆ ಭುಜವೂ ಹಿಗ್ಗುತ್ತದೆ, ಕತ್ತೂ ಹಿಗ್ಗುತ್ತದೆ. ಮನುಷ್ಯರ ಮೈ ಹಾಗೆ ಬೆಳೆಯುತ್ತದೆಯೇ? ಎದೆ ಬೆಳೆದರೆ ಭುಜ ಬೆಳೆಯಬೇಕೆಂದು ಯಾರು ಹೇಳಿದರು? "ಭುಜ ನಿಂದು ಇನ್ನೂ ಹುಡುಗಿದೇ ಇದೆ. ಮೈಯಲ್ಲಿ ಏನೂ ತಪ್ಪಿಲ್ಲ. ಅಳತೆ ಬ್ಲೌಸಲ್ಲಿ ತಪ್ಪಿದೆ."

ಹದಿನಾಲ್ಕು ವರ್ಷ! ಎಂಥ ಪೆದ್ದಿ ನಾನು.

ಟೇಪ್ ತೆಗೆಯುತ್ತಾರೆ ಎಂದು ನಾನು ಆಗಲೇ ಹೊಟ್ಟೆ ಒಳಗೆ ಎಳೆದುಕೊಂಡು ಕಾಯುತ್ತಿದ್ದೆ. ಟೇಪ್ ಇಲ್ಲ. ಲೈನಿಂಗ್ ಬಟ್ಟೆಯ ಉದ್ದ ಪಟ್ಟಿಯೊಂದನ್ನು ತೆಗೆದರು. ಅದನ್ನು ಸುತ್ತಿ, ಸೇರಿದಲ್ಲಿ ಕತ್ತರಿಯಿಂದ ಸಣ್ಣ ಕಚ್ಚು. ಎದೆಗೆ ನೇರ ಕಚ್ಚು, ಸೊಂಟಕ್ಕೆ ಮೂಲೆ ಕಚ್ಚು, ತೋಳಿಗೆ ಜೋಡಿ ಕಚ್ಚು. ಉದ್ದಕ್ಕೂ ಮಾರುಕಟ್ಟೆಯಲ್ಲಿ ಮೀನಿನ ರೇಟು ಏರಿದ್ದರ ಬಗ್ಗೆ ಮಾತು. ಒಂದು ನಂಬರನ್ನೂ ಬಾಯಿಬಿಟ್ಟು ಹೇಳಲಿಲ್ಲ.

ಯಾಕೆ ಖಾಲಾ ಎಂದೆ. ಅವರಮ್ಮ ಕಂಟೋನ್‌ಮೆಂಟ್ ಬಂಗಲೆಗಳಿಗೆ ಹೋಗಿ ಫ್ರಾಕ್ ಹೊಲಿಯುತ್ತಿದ್ದರಂತೆ, ಅವರು ಕಲಿಸಿದ್ದು. "ಟೇಪ್ ನೋಡಿದ್ರೆ ಹೆಂಗಸ್ರು ಉಸಿರು ಹಿಡ್ಕೋತಾರೆ. ಹಿಡ್ದ ಉಸಿರಿಗೆ ಬಟ್ಟೆ ಹೊಲಿದ್ರೆ, ಬಿಟ್ಟ ಉಸಿರಿಗೆ ಸಾಕಾಗುತ್ತಾ?"

ನಗು ಬಂತು. ನಾನೂ ಸೂಜಿ ಚುಚ್ಚುವಾಗ ಊರು ಯಾವುದು, ತಿಂಡಿ ಏನು ಎಂದು ಕೇಳುತ್ತಲೇ ಇರುತ್ತೇನಲ್ಲ. ನಗುವಾಗ ಎಳೆದು ಹಿಡಿದಿದ್ದ ಹೊಟ್ಟೆ ಸಡಿಲವಾಯಿತು. ಆಗಲೇ ಅವರು ಸೊಂಟದ ಕಚ್ಚು ಹಾಕಿದ್ದು.

ಜನವರಿ 14, ಮಂಗಳವಾರ

ರಜೆ. ದೊಡ್ಡಮ್ಮ ಹೊಸಕೋಟೆಯಿಂದ ಕಬ್ಬು, ಅವರೇಕಾಯಿ ತಂದಿದ್ದರು. ಮದುವೆ ಸೀರೆ ತೋರಿಸಿದೆ. ಬಿಡಿಸಿ ಬೆಳಕಿಗೆ ಹಿಡಿದರು. "ಬಿಳಿದು ಅಂದ್ರೆ ಎಲ್ಲಾ ಎದ್ದು ಕಾಣ್ತದೆ ಕಣೆ. ಹುಡುಗನ್ ಕಡೆಯವ್ರು ಬೇರೆ ಇರ್ತಾರೆ. ಪೂರ್ತಿ ಮುಚ್ಕೊಂಡು ನಿಂತ್ಕೋ. ಈ ವಯಸ್ಸಲ್ಲಿ ಆಗ್ತಿರೋದೇ ಹೆಚ್ಚು."

ಅವರೇಕಾಯಿ ಸುಲಿಯುತ್ತಾ ಕೂತೆ. ಈ ವಯಸ್ಸಲ್ಲಿ ಆಗ್ತಿರೋದೇ ಹೆಚ್ಚು. ಹ್ಞೂಂ.

ಜನವರಿ 15

ವಕಾರ್ ಭಾಯ್‌ಗೆ ಫೋನ್ ಮಾಡಿದೆ. ಅಳತೆಗಿಂತ ಎರಡಿಂಚು ಲೂಸ್ ಬಿಡಿ, ತೋಳು ಮೊಣಕೈ ದಾಟಲಿ, ಕತ್ತು ಮೇಲೆ. ಅವರು ಅನುಮಾನಿಸಿದರು. "ಅಮ್ಮೀಗೆ ಕೇಳ್ಬೇಕಾ ಮೇಡಂ?" ಬೇಡ, ನಾನು ಹೇಳಿದಷ್ಟು ಮಾಡಿ ಎಂದೆ.

ಜನವರಿ 25, ಶನಿವಾರ

ಟ್ರಯಲ್. ದಿಂಬಿಗೆ ಕವರ್ ಹಾಕಿದ ಹಾಗಿತ್ತು. ಇನ್ನೂ ದಪ್ಪ ಕಂಡೆ, ವಯಸ್ಸೂ ಹತ್ತು ಹೆಚ್ಚಾಯಿತು. ಪರದೆ ಸರಿಸಿ ಬಂದವಳೇ ಕೂಗಾಡಿದೆ. ಇಷ್ಟು ದೂರ ಬಂದು, ಇಷ್ಟೆಲ್ಲ ಮಾತು ಕೇಳಿ, ಕೊನೆಗೆ ಇದೇನಾ? ನಿಮ್ಮನ್ನು ನಂಬಿದ್ದೆನಲ್ಲ! ಬೆಂಚಿನ ಮೇಲಿದ್ದ ಇಬ್ಬರು ಹೆಂಗಸರು ತಲೆ ತಗ್ಗಿಸಿದರು. ವಕಾರ್ ಭಾಯ್ ಎದ್ದು ನಿಂತು ಕೈಕಟ್ಟಿಕೊಂಡರು. "ಸಾರಿ ಮೇಡಂ." ಅಷ್ಟೇ. ನಾನು ಫೋನ್ ಮಾಡಿದ್ದನ್ನು ಆ ಮನುಷ್ಯ ಬಾಯಿಬಿಟ್ಟು ಹೇಳಲಿಲ್ಲ.

ಖಾಲಾ ನನ್ನ ಪಟ್ಟಿ ಹುಡುಕಿ ತಂದು ಬ್ಲೌಸಿನ ಮೇಲೆ ಹಿಡಿದರು. ಒಂದು ಕಚ್ಚೂ ತಾಳೆಯಾಗಲಿಲ್ಲ. ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. ಅವರಿಗೆ ತಿಳಿದುಹೋಯಿತು.

"ನೀನು ಹೇಳಿದ್ಯಾ ಬೇಟಿ?"

ತಲೆಯಾಡಿಸಿದೆ. ಆಗ ಬಂತು ಅಳು, ದೊಡ್ಡ ಅಂಗಡಿಯಲ್ಲಿ ಬರಬೇಕಿದ್ದದ್ದು ಮೂರು ವಾರ ತಡವಾಗಿ. ಖಾಲಾ ಬೈಯಲಿಲ್ಲ. ನೀರು ಕೊಟ್ಟರು. "ದೊಡ್ಡದು ಮಾಡಿದ್ದು ಒಳ್ಳೇದಾಯ್ತು. ದೊಡ್ಡದು ಚಿಕ್ಕದು ಮಾಡ್ಬಹುದು. ಪೂರ್ತಿ ಬಿಚ್ತೀನಿ. ನಾನೇ ಕೂತ್ಕೋತೀನಿ." ವಕಾರ್ ಭಾಯ್ ಬೇಡ ಅಮ್ಮೀ, ನಿಮ್ಮ ಕಣ್ಣು ಸರಿಯಿಲ್ಲ ಎಂದರು. ಅವರು ಕೇಳಿಸಿಕೊಳ್ಳಲಿಲ್ಲ.

ವಕಾರ್ ಭಾಯ್ ಹತ್ತಿರ ಕ್ಷಮೆ ಕೇಳಿದೆ. ಎಲ್ಲರ ಎದುರೇ ಬೈದಿದ್ದೆ, ಎಲ್ಲರ ಎದುರೇ ಕೇಳಿದೆ. "ಅರೇ ಬಿಡಿ ಮೇಡಂ, ಮದ್ವೆ ಟೆನ್ಶನ್ನು," ಎಂದು ಚಹಾ ತರಿಸಿದರು. ನಾಚಿಕೆಯಲ್ಲಿ ಅದರ ರುಚಿಯೂ ತಿಳಿಯಲಿಲ್ಲ.

ಜನವರಿ 28, ಮಂಗಳವಾರ

ಸಂಜೀವಪ್ಪನವರು ತಂದೆ ಅಮೃತಪ್ಪನವರನ್ನು ಕರೆದುಕೊಂಡು ಬಂದಿದ್ದರು. ಅಮೃತಪ್ಪನವರ ತೋಳಿಗೆ ಪಟ್ಟಿ ಬಿಗಿಯುತ್ತಾ ಇದ್ದಕ್ಕಿದ್ದಂತೆ ಹೇಳಿಬಿಟ್ಟೆ. ಹೇಳದಿದ್ದರೆ ಅದೇ ಕೊರೆಯುತ್ತಿತ್ತು.

"ನಾನು ದಪ್ಪ ಇದೀನಿ ರೀ. ಈ ಕೋಟಲ್ಲಿ ಗೊತ್ತಾಗಲ್ಲ. ಮದ್ವೆ ದಿನ ನೋಡಿ ಗಾಬರಿ ಆಗ್ಬೇಡಿ."

"ಗೊತ್ತಾಗುತ್ತೆ ರೀ," ಎಂದರು. "ಎರಡು ವರ್ಷದಿಂದ ನೋಡ್ತಿದೀನಿ. ನಾನೇನ್ ಕುರುಡನಾ?" ಹೇಳಿದ ಮೇಲೆ ಕಿವಿಯವರೆಗೂ ಕೆಂಪಾದರು.

ನಡುವೆ ತೋಳು ಚಾಚಿ ಕೂತಿದ್ದ ಅಮೃತಪ್ಪನವರು: "ನಾನಂತೂ ಕೈ ನೋಡೇ ಒಪ್ಪಿದ್ದು ಕಣಮ್ಮ. ಒಂದೇ ಸಲಕ್ಕೆ ನರ ಸಿಕ್ಕತ್ತೆ ನಿಂಗೆ. ಈಗ ಮಾತಾಡೋದ್ ಬಿಟ್ಟು ಚುಚ್ಚು."

ಇಡೀ ದಿನ ಒಬ್ಬಳೇ ನಗುತ್ತಿದ್ದೆ. ಭಾಗ್ಯಲಕ್ಷ್ಮಿ ಏನೆಂದು ಎರಡು ಸಲ ಕೇಳಿದಳು.

ಫೆಬ್ರವರಿ 1, ಶನಿವಾರ

ಆಯಿತು. ಹೇಗೆ ಬರೆಯಲಿ?

ಹುಕ್ಕು ಹಾಕಿದೆ. ಎಳೆಯಬೇಕಾಗಲಿಲ್ಲ. ಎಲ್ಲೂ ಕಚ್ಚಲಿಲ್ಲ, ಎಲ್ಲೂ ಜಾರಲಿಲ್ಲ. ಮುಂದೆ ಬಟ್ಟಲಿನಾಕಾರದ ಕಟೋರಿ ಕಟ್, ಎದೆ ಎಲ್ಲಿದೆಯೋ ಅಲ್ಲಿಗೇ ಸರಿಯಾಗಿ ಕೂತಿದೆ. ತೋಳು ಮೊಣಕೈಗಿಂತ ಮೇಲೆ. ಬೆನ್ನಿನಲ್ಲಿ ಅಂಗೈಯಗಲದ ಕತ್ತು. ಸೊಂಟ ಇದೆ ನನಗೆ! ಇಷ್ಟು ದಿನ ಎಲ್ಲಿತ್ತೋ. ಸಣ್ಣಗೆ ಕಾಣಲಿಲ್ಲ, ಸುಳ್ಳು ಯಾಕೆ ಬರೆಯಲಿ. ತುಂಬಿದ ಹೆಂಗಸಿನಂತೆ ಕಂಡೆ. ಚೆನ್ನಾಗಿ ಕಂಡೆ.

ಖಾಲಾ ಸುತ್ತ ಒಂದು ಪ್ರದಕ್ಷಿಣೆ ಬಂದರು. ಎಡಭುಜದಲ್ಲಿ ಕಡಲೆಕಾಳಿನಷ್ಟು ಸುಕ್ಕು, ಅದು ಅವರಿಗೆ ಸರಿಬರಲಿಲ್ಲ. ಬಿಚ್ಚಿ ಮತ್ತೆ ಹಾಕಿದರು. ದಾರ ಪೋಣಿಸಲು ಮಾತ್ರ ಮಗನನ್ನು ಕರೆದರು. ಆರು ದಿನ ಮಧ್ಯಾಹ್ನದ ಬಿಸಿಲಿನ ಬೆಳಕಿನಲ್ಲಿ ಕೂತು ಹೊಲಿದರಂತೆ. ಮೂರು ವರ್ಷವಾಗಿತ್ತಂತೆ ಅವರು ಮಷೀನು ಮುಟ್ಟಿ. ಕಾಲಿಗೆ ನಮಸ್ಕರಿಸಲು ಬಾಗಿದೆ. "ಏ, ಬಾಗ್ಬೇಡ, ಇಸ್ತ್ರಿ ಹಾಳಾಗ್ತದೆ," ಎಂದರು.

ಈ ಋಣ ಹೇಗೆ ತೀರಿಸಲಿ. ತೀರಿಸುವುದು ಬೇಡ, ಇರಲಿ. ಮೈಯನ್ನು ಬೈಯದೆ ಮುಟ್ಟಿದ ಮೊದಲ ಕೈ ಅದು. ನನ್ನ ಕೈಯೂ ಹಾಗೆ ಮುಟ್ಟಿರಲಿಲ್ಲ.

ಬರುವಾಗ ಅದೇ ಬ್ಲೌಸ್ ಹಾಕಿಕೊಂಡು ಬರುವ ಆಸೆಯಾಯಿತು. ತಡೆದುಕೊಂಡೆ. ಕವರನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ, ಹಲಸೂರು ಬಂದದ್ದೇ ತಿಳಿಯಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ನಡೆದೆ.

ಫೆಬ್ರವರಿ 9, ಭಾನುವಾರ. ಬೆಳಿಗ್ಗೆ 9.40

ವಿಹಾರದ ಪಕ್ಕದ ಚಿಕ್ಕ ಕೋಣೆ. ಬುದ್ಧವಂದನೆಗೆ ಇನ್ನು ಇಪ್ಪತ್ತು ನಿಮಿಷ. ಬರೆಯುವ ಹೊತ್ತಲ್ಲ, ಆದರೂ ಕೈ ಸುಮ್ಮನಿರಲೊಲ್ಲದು.

ಇಲ್ಲಿರುವ ಕನ್ನಡಿ ಮುಖಕ್ಕೆ ಮಾತ್ರ ಸಾಕು. ಕತ್ತಿನಿಂದ ಕೆಳಗೆ ಹೇಗಿದ್ದೇನೋ ಕಾಣುವುದಿಲ್ಲ. ನೋಡಬೇಕು ಎಂದೂ ಅನ್ನಿಸುತ್ತಿಲ್ಲ.

ಕಿಟಕಿಯಿಂದ ಅಂಗಳ ಕಾಣುತ್ತದೆ. ಸಂಜೀವಪ್ಪನವರು ಬಿಳಿ ಅಂಗಿಯಲ್ಲಿ, ಕ್ರಾಪು ಹೊಸದು. ಖಾಲಾ, ವಕಾರ್ ಭಾಯ್ ಬಂದಿದ್ದಾರೆ! ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ದೊಡ್ಡಮ್ಮ ಖಾಲಾ ಪಕ್ಕದಲ್ಲಿ. ಇಬ್ಬರೂ ಏನೋ ಮಾತಾಡುತ್ತಿದ್ದಾರೆ, ದೇವರೇ ಕಾಪಾಡಬೇಕು ದೊಡ್ಡಮ್ಮನನ್ನು.

ಅತ್ತಿಗೆ ಬಂದರು. ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡರು. ಆಮೇಲೆ ತಮ್ಮ ಶಾಲು ತೆಗೆದು ನನ್ನ ಹೆಗಲಿಗೆ ಹಾಕಲು ಬಂದರು.

"ಹೊದ್ಕೊಳ್ಳೇ ಶಾಂತಾ. ತುಂಬಾ ಜನ ಬಂದ್ಬಿಟ್ಟಿದ್ದಾರೆ. ಎಲ್ರೂ ನೋಡ್ತಾರೆ."

"ನೋಡ್ಲಿ ಅತ್ತಿಗೆ. ನೋಡ್ಲಿ ಅಂತ ತಾನೇ ಕರ್ದಿರೋದು."

ಶಾಲು ಕುರ್ಚಿಯ ಮೇಲಿದೆ. ಅತ್ತಿಗೆ ನಗುತ್ತಿದ್ದಾರೆ, ಅಳುತ್ತಲೂ ಇದ್ದಾರೆ. ಹೊರಗೆ ನನ್ನ ಹೆಸರು ಕೂಗಿದರು. ಬಂದೆ, ಬಂದೆ. ಈ ಪೆನ್ನು ಎಲ್ಲಿಡಲಿ, ಈ ಬ್ಲೌಸಿಗೆ ಕೋಟಿನ ಹಾಗೆ ಜೇಬೇ ಇಲ್ಲ...