ಮುಂದಿನ ಹಾಯಿಯ ಹಗ್ಗ

ಅಪ್ಪನ ಮನೆ
ಗುರುವಾರ, ಬೆಳಿಗ್ಗೆ

ಅಕ್ಕನಿಗೆ,

‘ಪ್ರೀತಿಯ’ ಅಂತ ಬರೆದು ಹೊಡೆದುಹಾಕಿದ್ದೇನೆ. ಕಾಣಿಸಿದರೆ ಕಾಣಿಸಲಿ, ಬೇರೆ ಹಾಳೆ ತೆಗೆದುಕೊಳ್ಳುವ ತಾಳ್ಮೆ ನನಗಿಲ್ಲ. ಫೋನ್ ಮಾಡಿದರೆ ನೀನು ಅಳುತ್ತೀಯ, ನಾನು ಕರಗಿಹೋಗುತ್ತೇನೆ, ಕೊನೆಗೆ ನಾನೇ ತಪ್ಪಾಯಿತು ಅಂತ ಹೇಳಿ ಫೋನ್ ಇಡುತ್ತೇನೆ. ಚಿಕ್ಕಂದಿನಿಂದ ನಡೆದುಬಂದದ್ದು ಇದೇ ತಾನೇ? ಅದಕ್ಕೇ ಈ ಕಾಗದ.

ಹಾಯಿದೋಣಿ ನಡೆಸುವ ಪರೀಕ್ಷೆಯಲ್ಲಿ ನಾನು ಫೇಲಾದೆ ಅಂತ ಊರಿಗೆಲ್ಲ ಗೊತ್ತು. ಹೇಗೆ ಫೇಲಾದೆ ಅನ್ನುವುದು ಗೊತ್ತಿರುವುದು ನಿನಗೆ ಮತ್ತು ನನಗೆ.

ನಾನು ಕಲಿತದ್ದನ್ನು ನೀನೇ ನೋಡಿದ್ದೀಯಲ್ಲ. ಪಾಠ ಹೇಳಿಕೊಟ್ಟವಳೂ ನೀನೇ. ಊಟದ ಮೇಜಿನ ಮೇಲೆ ನೀನು ಎರಡು ಲೋಟ ಇಟ್ಟು ಅವೇ ದೋಣಿ ಅನ್ನುತ್ತಿದ್ದೆ. ಎಡಗಡೆಯಿಂದ ಗಾಳಿ ಹಿಡಿದದ್ದು ಬಲಗಡೆಯಿಂದ ಗಾಳಿ ಹಿಡಿದದ್ದಕ್ಕೆ ದಾರಿ ಬಿಡಬೇಕು, ಅಲ್ಲವೇನೇ ಮೊಂಡಿ, ಅಂತ ಕೇಳುತ್ತಿದ್ದೆ. ನಾನು ಡಿಕ್ಕಿ ಹೊಡೆಸಿದರೆ ತಲೆಗೆ ಮೊಟಕುತ್ತಿದ್ದೆ. ಆಗಲೂ ನಿನ್ನ ಮನಸ್ಸಿನಲ್ಲಿ ಇದೇ ಇತ್ತಾ? ಇದೊಂದನ್ನು ಹೇಳಿಬಿಡು, ಪುಣ್ಯ ಬರುತ್ತದೆ.

ಅಪ್ಪನ ಕಣ್ಣು ಮಂಜಾದ ಮೇಲೆ ಅವರ ಹಾಯಿದೋಣಿ ನನ್ನ ಪಾಠಕ್ಕಲ್ಲದೆ ಬೇರೆ ಕೆಲಸಕ್ಕೆ ನೀರಿಗಿಳಿದಿಲ್ಲ. ನಾನು ಪಾಸಾದರೆ ದೋಣಿ ನನ್ನದು, ಇಲ್ಲದಿದ್ದರೆ ಮಾರಾಟಕ್ಕೆ ಅಂತ ಅಪ್ಪ ಖಡಾಖಂಡಿತವಾಗಿ ಹೇಳಿದ್ದು ನಮ್ಮಿಬ್ಬರ ಎದುರಿಗೇ. ಪರೀಕ್ಷೆಗೆ ಜೊತೆಗೊಬ್ಬರು ಬೇಕು ಅಂದಾಗ ನಿನ್ನನ್ನು ಬಿಟ್ಟು ಬೇರೆ ಹೆಸರು ನನ್ನ ಬಾಯಿಗೇ ಬರಲಿಲ್ಲ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಪರೀಕ್ಷಕರು ಕಿತ್ತಳೆ ಬಣ್ಣದ ತೇಲುಬುರುಡೆ ನೀರಿಗೆಸೆದು, ಮನುಷ್ಯ ಬಿದ್ದಿದ್ದಾನೆ, ಎತ್ತು ಅಂದರು. ನಾನು ಸುತ್ತಿ ಬಂದು ಗಾಳಿಗೆ ಮುಖ ಮಾಡಿದೆ. ಹಿಂದಿನ ಹಾಯಿ ಸಡಿಲ ಬಿಟ್ಟೆ. ಮುಂದಿನದನ್ನು ಬಿಡು ಅಂತ ನಿನಗೆ ಕೂಗಿದೆ. ಎರಡೂ ಸಡಿಲವಾದರೆ ದೋಣಿ ಅಲ್ಲೇ ನಿಲ್ಲುತ್ತದೆ, ಕೈಚಾಚಿ ಎತ್ತಿಕೊಳ್ಳಬಹುದು. ನೀನು ಬಿಡಲಿಲ್ಲ. ಮುಂದಿನ ಹಾಯಿ ಗಾಳಿ ತುಂಬಿಕೊಂಡು ನಮ್ಮನ್ನು ಎಳೆದು ಬುರುಡೆಯ ಮೇಲೆಯೇ ಹಾಯಿಸಿಬಿಟ್ಟಿತು. ಹಗ್ಗ ಸಿಕ್ಕಿಹಾಕಿಕೊಂಡಿತು ಕಣೇ ಅಂತ ನೀನು ಹಲುಬಿದೆ. ಏನಾಯಿತು ಅಂತ ಪರೀಕ್ಷಕರು ನನ್ನನ್ನು ಕೇಳಿದರು. ದೋಣಿಯಲ್ಲಿ ಯಾರು ಏನೇ ಮಾಡಲಿ, ಅದಕ್ಕೆ ಹೊಣೆ ಚುಕ್ಕಾಣಿ ಹಿಡಿದವರು. ಕಲಿತ ಮೊದಲ ನಿಯಮವೇ ಅದು. ನನ್ನ ತಪ್ಪು ಅಂದೆ. ನೀನು ತಲೆ ತಗ್ಗಿಸಿಕೊಂಡು ಮಿಕ್ಕ ಹಗ್ಗ ಸುತ್ತುತ್ತಾ ಕೂತೆ.

ಅಲ್ಲಿಯವರೆಗೂ ನಿನ್ನ ಮಾತನ್ನು ನಾನು ನಂಬಿದ್ದೆ, ಅಕ್ಕ. ಸಂಜೆ ದೋಣಿ ತೊಳೆಯಲು ಹೋದಾಗ ಮುಂದಿನ ಹಾಯಿಯ ಹಗ್ಗ ಸುತ್ತುವ ಗೂಟದ ಮೇಲೆ ಕೈ ಹೋಯಿತು. ಹಗ್ಗದ ತುದಿಯನ್ನು ಮಡಿಸಿ, ಕುಣಿಕೆ ಹಾಕಿ, ಬಿಗಿದಿತ್ತು. ದಡಕ್ಕೆ ಕಟ್ಟುವ ಹಗ್ಗಕ್ಕೆ ಆ ಬಿಗಿ ಸರಿ. ಹಾಯಿಯ ಹಗ್ಗಕ್ಕೆ ಬರೀ ಸುತ್ತು, ಎಳೆದರೆ ಬಿಚ್ಚಬೇಕು. ಚಿಕ್ಕವಳಿದ್ದಾಗ ಒಮ್ಮೆ ನಾನು ಹಾಗೆ ಬಿಗಿದೆ ಅಂತ ಕೈ ಮೇಲೆ ಬಾರಿಸಿದವಳು ನೀನೇ. ನೀನು ಮರೆಯುವುದುಂಟೇ?

ಆದರೂ ಮನಸ್ಸು ಒಪ್ಪಲಿಲ್ಲ, ಹುಚ್ಚು ಮನಸ್ಸು. ಒಪ್ಪಿಸಿದವನು ಪಾಪ ದೋಣಿಗೆ ಬಣ್ಣ ಬಳಿಯುವವನು. ಒಳಗೆ ಮೇಜು ಹಾಕಿದ ಮೇಲೆ ಯಾವ ಬಣ್ಣ ಹೊಡೆಯಲಿ ಅಂತ ಕೇಳಿದ. ಯಾವ ಮೇಜು ಅಂದೆ. ಪರೀಕ್ಷೆಗೆ ಮುಂಚೆಯೇ ನೀನು, ಭಾವ, ಹೋಟೆಲಿನ ಯಜಮಾನರು ಬಂದು ಟೇಪು ಹಿಡಿದು ಅಳೆದಿದ್ದಿರಂತೆ. ದೋಣಿಯನ್ನು ಹೋಟೆಲಿನ ಅಂಗಳದಲ್ಲಿ ನಿಲ್ಲಿಸಿ, ಒಳಗೆ ಕುರ್ಚಿ ಹಾಕಿ, ಬಂದವರಿಗೆ ಕಾಫಿ ಕೊಡುತ್ತೀರಂತೆ. ಭಾವನಿಗೆ ಅಲ್ಲಿ ಮ್ಯಾನೇಜರ್ ಕೆಲಸವಂತೆ. ಥೂ! ನನಗೆ ಒಂದು ಮಾತು ಹೇಳಿದ್ದರೆ ಜಗಳವಾಡುತ್ತಿದ್ದೆ, ಕೂಗಾಡುತ್ತಿದ್ದೆ. ಆಮೇಲೆ ಭಾವ ಕೆಲಸವಿಲ್ಲದೆ ಮನೆಯಲ್ಲೇ ಕೂತಿರುವುದನ್ನು ನೆನೆದು ದೋಣಿ ಕೊಟ್ಟೇ ಬಿಡುತ್ತಿದ್ದೆನೋ ಏನೋ. ನೀನು ಕೇಳಲಿಲ್ಲ. ನನ್ನನ್ನು ನಗೆಪಾಟಲು ಮಾಡುವುದೇ ನಿನಗೆ ಸುಲಭವಾಯಿತು.

ನನಗೆ ತುಂಬಾ ನೋವಾಗಿದೆ, ಅಕ್ಕ. ದೋಣಿಗಾಗಿ ಅಲ್ಲ. ನಿನ್ನ ಕಡೆ ನೋಡದೆಯೇ ಕೂಗಿದೆನಲ್ಲ, ನೀನು ಬಿಟ್ಟೇ ಬಿಡುತ್ತೀಯ ಅಂತ, ಅದಕ್ಕೆ.

ನೀನು ಮೊಂಡಿ ಅಂತ ಕರೆಯುತ್ತಿದ್ದ
ತಂಗಿ

ಮರೆತಿದ್ದೆ: ನಿನ್ನೆ ಮರುಪರೀಕ್ಷೆ ಇತ್ತು, ಪಾಸಾದೆ. ಮುಂದಿನ ಹಾಯಿಗೆ ಅಪ್ಪ ಕೂತಿದ್ದರು. ಹೊರಡುವ ಮುಂಚೆ ಅವರು ಗೂಟವನ್ನು ತಡವಿ ನೋಡಿದರು, ಬಿಗಿ ಇದೆಯೇನೋ ಅಂತ. ನಾನು ಅವರಿಗೆ ಏನೂ ಹೇಳಿರಲಿಲ್ಲ. ಮೊದಲ ಪರೀಕ್ಷೆಯ ದಿನ ದಡದಲ್ಲಿ ಕೂತಿದ್ದಾಗ ಒಂದೇ ಹಾಯಿ ಪಟಪಟ ಬಡಿದುಕೊಂಡದ್ದು ಅವರಿಗೆ ಕೇಳಿಸಿತಂತೆ; ಹಗ್ಗ ಬಿಟ್ಟಿದ್ದರೆ ಎರಡೂ ಬಡಿದುಕೊಳ್ಳಬೇಕಿತ್ತು. ಅವತ್ತು ಮುಂದಿನ ಹಗ್ಗ ಬಿಗಿದವರು ಯಾರು ಅಂತ ಕೇಳಿದರು. ನಾನೇ ಅಂದೆ. ಆದ್ದರಿಂದ ನೀನು ಧೈರ್ಯವಾಗಿ ಮನೆಗೆ ಬಾ, ಅಪ್ಪನನ್ನು ನೋಡಿಕೊಂಡು ಹೋಗು. ನನ್ನ ದೋಣಿಗೆ ಮಾತ್ರ ಕಾಲಿಡಬೇಡ.