ಹೆಚ್ಚಾದ ಒಂದು ಪಾತಿ

ಮೆಣಸಿನಕಾಯಿ,

ಈ ಕಾಗದವನ್ನು ನಿನಗೆ ಕಳಿಸುವುದಿಲ್ಲ. ಹಾಗಾಗಿ ಧೈರ್ಯವಾಗಿ ಹಳೇ ಅಡ್ಡಹೆಸರಲ್ಲೇ ಕರೆದಿದ್ದೇನೆ.

ನಾವಿಬ್ಬರೂ ಮೂರು ವರ್ಷ ಕಚೇರಿಗೆ ಅಲೆದು ಚಪ್ಪಲಿ ಸವೆಸಿ ಕೇಳಿದ ಆ ಖಾಲಿ ಜಾಗವನ್ನು ನಗರಸಭೆಯವರು ಕೊನೆಗೂ ತೋಟಕ್ಕೆ ಕೊಟ್ಟರು. ಹೋದ ತಿಂಗಳು ಬೀದಿಯವರೆಲ್ಲ ಸೇರಿ ಪಾತಿ ಹಂಚಿಕೊಂಡೆವು. ದರ್ಜಿ ಅಂದ ಮೇಲೆ ಅಳತೆ ನನ್ನ ಪಾಲಿಗೇ ಬಂತು. ಬಟ್ಟೆ ಅಳೆಯುವ ಟೇಪಿನಲ್ಲೇ ನೆಲ ಅಳೆದು, ಗೂಟ ಹೊಡೆದು ದಾರ ಕಟ್ಟಿದೆ. ಎಲ್ಲರೂ ತಮ್ಮ ತಮ್ಮ ಪಾತಿಯಲ್ಲಿ ನಿಂತ ಮೇಲೂ ನನ್ನ ಪಕ್ಕದ್ದು ಖಾಲಿ ಉಳಿಯಿತು.

“ಒಂದು ಜಾಸ್ತಿ ಆಯ್ತಲ್ಲಕ್ಕಾ, ಎಣಿಸೋದು ತಪ್ತಾ?” ಎಂದ ಎದುರುಮನೆ ಎಲೆಕ್ಟ್ರಿಷಿಯನ್.

ನಿನ್ನನ್ನೂ ಸೇರಿಸಿ ಎಣಿಸಿದ್ದೆ.

“ಅದಕ್ಕೆ ಜನ ಇದ್ದಾರೆ.”

“ಯಾರು?”

“ಬರ್ತಾಳೆ. ನೀನು ನಿನ್ನ ಪಾತಿ ನೋಡ್ಕೋ.”

ಬರುವುದಿಲ್ಲ ಎಂದು ನನಗೆ ಗೊತ್ತು. ನಿನಗೆ ಹೇಳದೆ ಈ ಜಾಗಕ್ಕೆ ನನ್ನೊಬ್ಬಳ ಹೆಸರಲ್ಲೇ ಅರ್ಜಿ ಕೊಟ್ಟ ದಿನ, ನೀನು ನಿನ್ನ ಕತ್ತರಿ ಎತ್ತಿಕೊಂಡು ನಮ್ಮಿಬ್ಬರ ಹೊಲಿಗೆ ಅಂಗಡಿಯ ಮೆಟ್ಟಿಲಿಳಿದೆ. “ನನ್ನನ್ನ ಒಂದು ಮಾತು ಕೇಳಬಾರದಿತ್ತಾ?” ಎಂದಷ್ಟೇ ನೀನು ಕೇಳಿದ್ದು. ನಾನು ತಲೆ ಎತ್ತದೆ ಮಷಿನ್ ತುಳಿಯುತ್ತಲೇ ಇದ್ದೆ.

ದಿನಾ ನನ್ನ ಪಾತಿಗೆ ನೀರು ಹಾಕುವಾಗ ನಿನ್ನದಕ್ಕೂ ಎರಡು ಕೊಡ ಹಾಕುತ್ತೇನೆ. ಏನೂ ಬಿತ್ತಿಲ್ಲ, ಕಳೆ ಮಾತ್ರ ಮೊಳದುದ್ದ ಬೆಳೆದಿದೆ. ಇವತ್ತು ಎಲೆಕ್ಟ್ರಿಷಿಯನ್ ಕುಡುಗೋಲು ಹಿಡಿದು ಬಂದ. ಬೇಡ ಅಂದೆ.

ನಿನ್ನನ್ನು ಒಂದು ಮಾತು ಕೇಳದೆ ಕೀಳಲು ಕೈ ಬರುತ್ತಿಲ್ಲ.