ನಿಲ್ಲದ ಮಿಷನ್ನು

ಮಂಗಳವಾರ, ಹದಿನಾಲ್ಕು.

ಕಥಾಸಂಕಲನ ಅಚ್ಚಾಗಿ ಬಂತು. ಮುಖಪುಟದಲ್ಲಿ ನನ್ನ ಹೆಸರಿಗಿಂತ ದೊಡ್ಡದಾಗಿ ನನ್ನ ಹಳೇ ಕಾದಂಬರಿಯ ಹೆಸರು. "ಜನ ಅದನ್ನ ನೋಡೇ ಇದನ್ನ ತಗೋತಾರಮ್ಮ" ಅಂದರು ಪ್ರಕಾಶಕರು. ಅದು ಹಾಳಾಗಿ ಹೋಗಲಿ. ನನ್ನನ್ನು ಕೊರೆಯುತ್ತಿರುವುದು ಅಕ್ಕನ ಹೊಲಿಗೆ ಮಿಷನ್ನು.

ಕಾದಂಬರಿ ಬರೆಯುವಾಗ ಅವಳು ಬಟ್ಟೆ ಹೊಲಿಯುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದೆ. ಅವಳು ತುಟಿ ಬಿಚ್ಚುತ್ತಿರಲಿಲ್ಲ. ಆದರೆ ಕೇಳುತ್ತ ಕೇಳುತ್ತ ಅವಳ ಕಾಲು ತಾನಾಗಿ ನಿಂತುಬಿಡುತ್ತಿತ್ತು. ಮಿಷನ್ನು ನಿಂತರೆ ಆ ಪುಟ ಉಳಿಯುತ್ತಿತ್ತು. ಓಡುತ್ತಲೇ ಇದ್ದರೆ ಹರಿದು ಹಾಕುತ್ತಿದ್ದೆ. ಆಮೇಲೆ ಊರೆಲ್ಲ ಹೊಗಳಿತು, ಹೊಗಳಿಕೆ ನೆತ್ತಿಗೇರಿತು. ಈ ಕಥೆಗಳನ್ನು ಬಾಗಿಲು ಹಾಕಿಕೊಂಡು ಒಬ್ಬಳೇ ಬರೆದೆ.

ಇವತ್ತು ಸಂಜೆ ಹೊಸ ಪುಸ್ತಕ ಹಿಡಿದು ಅವಳ ಪಕ್ಕ ಕೂತೆ. ಮೊದಲನೇ ಕಥೆ ಓದಿದೆ, ಮಿಷನ್ನು ಓಡಿತು. ಎರಡನೆಯದಕ್ಕೂ ಓಡಿತು. ಗಂಟಲು ಒಣಗಿದರೂ ಹಟ ಹಿಡಿದು ಓದಿದೆ. ಕೊನೇ ಕಥೆಯಲ್ಲಿ, ಮಗು ಬಾಗಿಲ ಹತ್ತಿರ ಅಪ್ಪನ ಚಪ್ಪಲಿ ಹುಡುಕುವ ಕಡೆ, ಮಿಷನ್ನು ಟಕ್ಕನೆ ನಿಂತಿತು. ತಲೆ ಎತ್ತಿ ನೋಡಿದೆ.

ಅಕ್ಕ ಬಗ್ಗಿ ಬಾಬಿನ್ ತೆಗೆಯುತ್ತಿದ್ದಳು. "ದಾರ ಮುಗೀತು ಕಣೇ. ನೀನು ಓದು, ಚೆನ್ನಾಗಿದೆ."

ಕಾದಂಬರಿಗೆ ಅವಳು ಒಂದು ಸಲವೂ ಚೆನ್ನಾಗಿದೆ ಅಂದಿರಲಿಲ್ಲ.

ಹರಿದು ಹಾಕೋಣವೆಂದರೆ ಪುಸ್ತಕ ಆಗಲೇ ಅಂಗಡಿಗಳಿಗೆ ಹೋಗಿಬಿಟ್ಟಿದೆ. ಪಕ್ಕದ ಕೋಣೆಯಲ್ಲಿ ಅವಳಿನ್ನೂ ಹೊಲಿಯುತ್ತಿದ್ದಾಳೆ. ಆ ಕಾಲು ಒಂದೇ ಒಂದು ಸಲ ತಾನಾಗಿ ನಿಂತಿದ್ದರೆ ಸಾಕಿತ್ತು.